ಕಂಬದ ಹಿಂದಿನ ಗುಟುಕು

ಕೆಂಪು ವೈನ್ ಹಸಿರಾಗಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಪಾಚಿಯಂಥ ಹಸಿರು. ಅಂಚಿನಲ್ಲಿ ಶಾಯಿಯ ನೀಲಿ, ತಳದಲ್ಲಿ ಕೊಳೆತ ಎಲೆಯ ಕಂದು. ಅದು ಒಂದು ಸ್ಟೀಲ್ ಬೋಗುಣಿಯಲ್ಲಿತ್ತು, ಒಬ್ಬ ಮನುಷ್ಯನ ಬಾಯಿಯಿಂದ ಆಗಷ್ಟೇ ಹೊರಬಿದ್ದಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಆ ಬಣ್ಣ ಬರುತ್ತದೆ, ಆಮೇಲೆ ಆ ಮುಖ. ಅದಕ್ಕೇ ಇದನ್ನು ನಿಧಾನವಾಗಿ ಬರೆಯುತ್ತಿದ್ದೇನೆ. ಆ ಹೊತ್ತಿನಲ್ಲಿ ನಾನೇ ಕಂಡದ್ದು ಮತ್ತು ಆಮೇಲೆ ತಿಳಿದುಕೊಂಡದ್ದು ಒಂದರೊಳಗೊಂದು ಬೆರೆಯಬಾರದು.

ಪರೇಲಿನ ಹಳೆಯ ಮಿಲ್ಲೊಂದರ ಕಾಂಪೌಂಡಿನಲ್ಲಿರುವ ರೆಸ್ಟೋರೆಂಟಿನಲ್ಲಿ ವೈನ್ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಊಟಕ್ಕೆ ಯಾವ ವೈನ್ ಹೊಂದುತ್ತದೆ ಎಂದು ಹೇಳುವುದು, ಬಾಟಲಿಗಳನ್ನು ಕಾಯುವುದು, ತೆರೆಯುವುದು, ಸುರಿಯುವುದು. ಈ ಕೆಲಸದಲ್ಲಿ ನನ್ನ ಮೇಲೆ ಒಬ್ಬರು ಹಿರಿಯರಿದ್ದರು. ಮಂಗಳೂರು ಕಡೆಯವರು, ಹುಡುಗನಾಗಿದ್ದಾಗಲೇ ಮುಂಬಯಿಗೆ ಬಂದು ಹೋಟೆಲ್ ಸೇರಿದವರು, ಮನೆ ಕಾಂದಿವಲಿಯಲ್ಲಿ. ಇಡೀ ರೆಸ್ಟೋರೆಂಟಿಗೆ ಅವರು ‘ಅಣ್ಣ’. ಕನ್ನಡ ಬಾರದ ಹುಡುಗರಿಗೂ ಅಣ್ಣನೇ.

ಅಣ್ಣ ದಿನಕ್ಕೆ ಹತ್ತಾರು ವೈನ್ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರು ಒಂದೇ ಒಂದು ಗುಟುಕು ನುಂಗಿದ್ದನ್ನು ನಾನು ನೋಡಿರಲಿಲ್ಲ. ನಾಲಿಗೆಯ ಮೇಲೆ ಹರಡಿ, ಹಲ್ಲುಗಳ ಮಧ್ಯೆ ಗಾಳಿ ಎಳೆದು, ಒಸಡಿಗೆ ಒತ್ತಿ, ಪಕ್ಕದ ಬೋಗುಣಿಗೆ ಉಗುಳುವರು. ನಮ್ಮ ಕಸುಬಿನಲ್ಲಿ ಎಲ್ಲರೂ ಹೀಗೇ ಮಾಡುತ್ತಾರೆ. ನುಂಗಿದರೆ ಮಧ್ಯಾಹ್ನದ ಹೊತ್ತಿಗೆ ನಾಲಿಗೆ ಮಂಕಾಗುತ್ತದೆ. ಅಣ್ಣನ ಹೆಚ್ಚುಗಾರಿಕೆ ಇದ್ದದ್ದು ಒಗರನ್ನು ಗುರುತಿಸುವುದರಲ್ಲಿ. ಗಟ್ಟಿ ಕೆಂಪು ವೈನಿನ ಜೀವವೇ ಅದು. ನೇರಳೆ ಹಣ್ಣು ತಿಂದಮೇಲೆ ಬಾಯಿ ಹಿಡಿದುಕೊಳ್ಳುತ್ತದಲ್ಲ, ಅಂಥದ್ದು. ಅದು ನಾಲಿಗೆಯ ಎಲ್ಲಿ ಹಿಡಿಯಿತು, ಒಸಡಿನಲ್ಲಿ ಎಷ್ಟು ಹೊತ್ತು ನಿಂತಿತು ಎಂದು ಅಣ್ಣ ಕೆನ್ನೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದರು. “ಇಲ್ಲಿ” ಎನ್ನುವರು. ನಾನು ಮತ್ತೆ ಗುಟುಕು ತೆಗೆದುಕೊಂಡು ನೋಡಿದರೆ ಸರಿಯಾಗಿ ಅಲ್ಲೇ ಇರುತ್ತಿತ್ತು.

ನನ್ನ ತಾಯಿಗೆ ನನ್ನ ಕೆಲಸ ಇಷ್ಟವಿಲ್ಲ. ನಮ್ಮದು ಮೈಸೂರಿನಿಂದ ಬಂದು ಗೋರೆಗಾಂವ್‌ನಲ್ಲಿ ನೆಲೆ ನಿಂತ ಮನೆ. “ಕುಡಿಯೋದಲ್ಲ ಅಂತೀಯ, ಸರಿ ಕಣೇ. ಆದ್ರೆ ಇನ್ನೊಬ್ರು ಕುಡಿಯೋದನ್ನ ಎಂಜಲು ಮಾಡಿ ಕೊಡೋದೂ ಒಂದು ಉದ್ಯೋಗವಾ?” ಎಂದು ಅವಳು ಕೇಳುತ್ತಾಳೆ. ನಾನು ನಗುತ್ತಿದ್ದೆ. ಅತಿಥಿಗೆ ಕೊಡುವ ಮುನ್ನ ಬಾಟಲಿಯಿಂದ ಒಂದು ತೊಟ್ಟನ್ನು ಬೇರೆ ಗ್ಲಾಸಿಗೆ ಹಾಕಿ, ಕೆಟ್ಟಿಲ್ಲ ತಾನೇ ಎಂದು ನೋಡುವುದು ಎಲ್ಲ ಕಡೆಯೂ ಇರುವ ಪದ್ಧತಿ, ಬಾಟಲಿಗೆ ಯಾರೂ ಬಾಯಿ ಹಾಕುವುದಿಲ್ಲ ಎಂದು ವಿವರಿಸುತ್ತಿದ್ದೆ. ಅಮ್ಮ ಒಪ್ಪುತ್ತಿರಲಿಲ್ಲ.

ಒಪ್ಪದವರು ಅಮ್ಮ ಒಬ್ಬಳೇ ಅಲ್ಲ ಎಂದು ಒಂದು ದಿನ ಗೊತ್ತಾಯಿತು. ಅತಿಥಿಯೊಬ್ಬರು ಅಣ್ಣ ಹಾಗೆ ರುಚಿ ನೋಡುವುದನ್ನು ಕಂಡು ಇಡೀ ಹಾಲ್‌ಗೆ ಕೇಳುವಂತೆ ಕೂಗಾಡಿದರು. ನಾನು ತರಿಸಿದ ಬಾಟಲಿಯನ್ನು ಜೂಠಾ ಮಾಡಿ, ನಿಮ್ಮ ಎಂಜಲು ನನಗೇ ಕೊಡುತ್ತೀರಾ, ಸಾಲದ್ದಕ್ಕೆ ಉಗುಳುತ್ತೀರಾ ಎಂದರು. ಅಂದಿನಿಂದ ಮ್ಯಾನೇಜರ್ ಒಂದು ಹೊಸ ನಿಯಮ ತಂದರು. ಅತಿಥಿಯ ವೈನನ್ನು ಸಿಬ್ಬಂದಿ ಯಾರೂ ಮುಟ್ಟಬಾರದು. ಮೂಗಿನಲ್ಲಿ ನೋಡಿದರೆ ಸಾಕು.

ಅಣ್ಣ ವಾದ ಮಾಡಲಿಲ್ಲ. ಹಾಲ್‌ನಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಮಿಲ್ಲಿನ ಕಾಲದ ದಪ್ಪ ಕಬ್ಬಿಣದ ಕಂಬವೊಂದಿದೆ. ಅದರ ಹಿಂದೆ ಒಂದು ಮೇಜು. ಅಂದಿನಿಂದ ಅವರ ಗ್ಲಾಸು, ಬೋಗುಣಿ ಎರಡೂ ಆ ಕಂಬದ ಹಿಂದೆ ಸೇರಿದವು. ಮ್ಯಾನೇಜರಿಗೂ ಗೊತ್ತಿತ್ತು, ನೋಡದವರಂತೆ ಇದ್ದರು.

ಆ ವಾರ ನಮಗೆ ದೊಡ್ಡ ಕೆಲಸವೊಂದಿತ್ತು. ನಾಸಿಕ್ ಕಡೆಯ ದ್ರಾಕ್ಷಿತೋಟದವರೊಬ್ಬರು ತಮ್ಮ ಹೊಸ ಶಿರಾಜ್ ವೈನನ್ನು ಭಾನುವಾರ ಮಧ್ಯಾಹ್ನದ ಊಟದಲ್ಲಿ ತಮ್ಮ ಅತಿಥಿಗಳ ಮುಂದಿಡುವವರಿದ್ದರು. ಓಕ್ ಪೀಪಾಯಿಯಲ್ಲಿ ಮಾಗಿದ ವೈನ್. ಗ್ಲಾಸನ್ನು ಬಿಳಿ ಬಟ್ಟೆಯ ಮೇಲೆ ಓರೆಯಾಗಿ ಹಿಡಿದರೆ ನಡುವೆ ಕಪ್ಪೇ ಅನ್ನಿಸುವಷ್ಟು ಗಾಢ. ಮೂಗಿಗೆ ನೇರಳೆ, ಕರಿಮೆಣಸು, ಸ್ವಲ್ಪ ಹೊಗೆ, ಹೊಸ ಚಪ್ಪಲಿಯ ಚರ್ಮ. ಬಾಯಲ್ಲಿ ತುಂಬಿಕೊಂಡು ಕೂರುತ್ತದೆ, ಬೇಗ ಬಿಡುವುದಿಲ್ಲ. ಅದಕ್ಕೆ ನಮ್ಮ ಕಡೆಯ ಅಡುಗೆಯನ್ನೇ ಜೋಡಿಸಬೇಕು ಎಂಬುದು ನಮ್ಮ ಶೆಫ್‌ನ ಹಟ. ಅವನು ಧಾರವಾಡ ಮೂಲದವನು, ಹುಟ್ಟಿ ಬೆಳೆದದ್ದು ಮುಂಬಯಿ. ಅವನ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಗೆ ಹತ್ತಿಬಿಡುತ್ತದೆ.

ಮೊದಲ ಪ್ರಯತ್ನ ಸುರಮೈ ಮೀನಿನದು. ಹುರಿದ ತುಂಡು ಬಾಯಿಗಿಟ್ಟು ಮೇಲೆ ವೈನ್ ತೆಗೆದುಕೊಂಡೆವು. ಅಣ್ಣ ತಕ್ಷಣ ಬೋಗುಣಿ ಎಳೆದುಕೊಂಡರು.

“ತುಕ್ಕು ಹಿಡಿದ ಮೊಳೆ ನೆಕ್ಕಿದ ಹಾಗೆ ಉಂಟು ಮಾರಾಯ. ಮೀನು ಬೇಡ.”

“ಅರೆ ಅಣ್ಣಾ, ಸುರಮೈ ಏಕ್‌ದಮ್ ತಾಜಾ ಐತಿ!”

“ಮೀನಿನ ತಪ್ಪಲ್ಲ, ವೈನಿನ ತಪ್ಪೂ ಅಲ್ಲ. ಇಬ್ಬರೂ ಒಳ್ಳೆಯವರೇ. ಮದುವೆ ಮಾಡಿಸ್ಬಾರ್ದು, ಅಷ್ಟೆ.”

ಶೆಫ್ ಮುಖ ಗಂಟಿಕ್ಕಿಕೊಂಡು ತಟ್ಟೆ ಎತ್ತಿಕೊಂಡು ಹೋದ. ಆಮೇಲೆ ಖಾರದ ಮಟನ್ ಬಂತು. ಅದು ಇನ್ನೂ ಕೆಟ್ಟದಾಯಿತು. ಮೆಣಸಿನಕಾಯಿಯ ಖಾರಕ್ಕೆ ವೈನಿನ ಮದ್ಯ ಸೇರಿ ಬಾಯೆಲ್ಲ ಉರಿ, ಒಗರು ಕಹಿಯಾಗಿ ತಿರುಗಿತು. ಮೂರನೆಯ ಸಲ ಶೆಫ್ ಹಸಿಮೆಣಸು ಪೂರ್ತಿ ತೆಗೆದು, ಬ್ಯಾಡಗಿಯನ್ನು ಬಣ್ಣಕ್ಕಷ್ಟೇ ಉಳಿಸಿ, ಕರಿಮೆಣಸು ಹೆಚ್ಚಿಸಿ, ಕೊಬ್ಬಿರುವ ಭಾಗವನ್ನೇ ತುಪ್ಪದಲ್ಲಿ ಹುರಿದ. ಕೊಬ್ಬು ಒಗರನ್ನು ಹಿಡಿದು ಮೆತ್ತಗೆ ಮಾಡುತ್ತದೆ. ಕರಿಮೆಣಸು ವೈನಿನಲ್ಲಿರುವ ಮೆಣಸಿನ ವಾಸನೆಯನ್ನು ಮೇಲಕ್ಕೆ ತರುತ್ತದೆ. ಉಪ್ಪು ಒಂದು ಚಿಟಿಕೆ ಹೆಚ್ಚು ಮಾಡಿದಾಗ ಅಣ್ಣ ಕಣ್ಣು ಮುಚ್ಚಿ ತಲೆಯಾಡಿಸಿದರು. ಮಾಂಸ ತಿನ್ನದವರಿಗೆ ಶೇಂಗಾ, ಗುರೆಳ್ಳು ತುಂಬಿದ ಬದನೆಕಾಯಿ ಎಣ್ಣೆಗಾಯಿ, ಜೊತೆಗೆ ಜೋಳದ ರೊಟ್ಟಿ. ಅದರ ಹುಣಸೆಹುಳಿಯನ್ನು ಇಳಿಸಲು ಇನ್ನೊಂದು ದಿನ ಹಿಡಿಯಿತು.

ಇದನ್ನೆಲ್ಲ ಬರೆಯುತ್ತಿರುವುದಕ್ಕೆ ಕಾರಣವಿದೆ. ವಾರವೆಲ್ಲ ನಮ್ಮ ಕಣ್ಣು ತಟ್ಟೆಯ ಮೇಲಿತ್ತು. ಗಾಜಿನ ಪಾತ್ರೆಗಳ ಕಡೆಗೆ ಇರಲಿಲ್ಲ.

ಇಂಥ ವೈನನ್ನು ಬಾಟಲಿಯಿಂದ ನೇರವಾಗಿ ಕೊಡುವುದಿಲ್ಲ. ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದು ಗಾಳಿಯಾಡಲು ಬಿಡಬೇಕು, ಆಗ ಒಗರು ಸ್ವಲ್ಪ ಸಡಿಲಾಗುತ್ತದೆ. ನಮ್ಮ ಮಾಲೀಕರು ವಿದೇಶದಿಂದ ನಾಲ್ಕು ಹೊಸ ಡಿಕ್ಯಾಂಟರ್ ತರಿಸಿದ್ದರು. ಹೆಡೆಯೆತ್ತಿದ ಹಾವಿನಂತೆ ಸುರುಳಿ ಸುತ್ತಿದ ಟೊಳ್ಳು ಗಾಜು. ನೋಡಲು ಬಹಳ ಚೆಂದ. ಪ್ರಯೋಗದ ದಿನಗಳಲ್ಲಿ ಅವುಗಳನ್ನೇ ಬಳಸಿದ್ದರಿಂದ ಸುರುಳಿಯೊಳಗೆ ನೇರಳೆ ಬಣ್ಣದ ಕಲೆ ಕೂತಿತ್ತು. ಡಿಕ್ಯಾಂಟರ್ ತೊಳೆಯುವುದು ಯಾವಾಗಲೂ ನಾವಿಬ್ಬರೇ. ಕಲ್ಲುಪ್ಪು, ಪುಡಿ ಮಂಜುಗಡ್ಡೆ ಹಾಕಿ ಕುಲುಕಿ, ಬರೀ ನೀರಿನಲ್ಲಿ ತೊಳೆದು ಬೋರಲು ಹಾಕುತ್ತೇವೆ. ಸೋಪು ಸಹ ಮುಟ್ಟಿಸುವುದಿಲ್ಲ. ಆದರೆ ಆ ಸುರುಳಿಯೊಳಗೆ ಉಪ್ಪು ಹೋಗುತ್ತಿರಲಿಲ್ಲ.

ಶನಿವಾರ ನಾನೂ ಅಣ್ಣನೂ ಬಾಟಲಿಗಳ ಕೆಲಸದಲ್ಲಿದ್ದಾಗ ಮ್ಯಾನೇಜರ್ ಆ ನಾಲ್ಕನ್ನೂ ಪಾತ್ರೆ ತೊಳೆಯುವ ಕಡೆಗೆ ಕಳಿಸಿದರು. ಫೋಟೊ ತೆಗೆಯುವವರು ಬರುತ್ತಾರೆ, ಕಲೆ ಕಾಣಬಾರದು ಎಂದು. ಇದು ನನಗೆ ಆಮೇಲೆ ತಿಳಿದದ್ದು. ಭಾನುವಾರ ಬೆಳಗ್ಗೆ ನಾನು ಕಂಡದ್ದು ಇಷ್ಟೇ: ಸ್ಟ್ಯಾಂಡಿನ ಮೇಲೆ ಬೋರಲಾಗಿ ನಿಂತ ನಾಲ್ಕು ಹಾವುಗಳು, ಹೊಸದರಂತೆ ಹೊಳೆಯುತ್ತಿದ್ದವು. ಅಣ್ಣ ತೊಳೆದಿದ್ದಾರೆ ಎಂದುಕೊಂಡೆ. ನಾನು ತೊಳೆದಿದ್ದೇನೆ ಎಂದು ಅಣ್ಣ ಅಂದುಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ.

ಅಂದು ಅತಿಥಿಗಳು ಹನ್ನೆರಡು ಮಂದಿ. ಮಿಲ್ಲಿನ ಎತ್ತರದ ಕಿಟಕಿಗಳಿಗೆಲ್ಲ ದಪ್ಪ ಪರದೆ ಎಳೆದು, ಮಧ್ಯಾಹ್ನದಲ್ಲೂ ಸಂಜೆಯಂಥ ಮಬ್ಬು ಬೆಳಕು ಮಾಡುವುದು ನಮ್ಮ ರೆಸ್ಟೋರೆಂಟಿನ ಶೋಕಿ. ಬಾಟಲಿಗಳನ್ನು ಹದವಾಗಿ ತಂಪು ಮಾಡಿ ತೆರೆದಿದ್ದೆವು. ಮ್ಯಾನೇಜರ್ ನನ್ನನ್ನು ಪಕ್ಕಕ್ಕೆ ಕರೆದರು.

“ಮೇಡಂ, ಇವತ್ತು ಆ ಕಂಬದ ಹಿಂದಿನ ಕಾರ್ಯಕ್ರಮ ಬೇಡ. ತೋಟದವರೇ ಬಂದಿದ್ದಾರೆ, ಅವರ ವೈನನ್ನ ನಾವು ಚೆಕ್ ಮಾಡೋದಾ? ಅಣ್ಣನಿಗೆ ನೀವೇ ಹೇಳಿ. ನಿಮ್ಮ ಮಾತು ಕೇಳ್ತಾರೆ.”

ನಾನು ಹೋದೆ. ಅಣ್ಣ ಎರಡು ಡಿಕ್ಯಾಂಟರ್ ತುಂಬಿ ಹುಡುಗರ ಕೈಗೆ ಕೊಟ್ಟು, ಮೂರನೆಯದನ್ನು ತುಂಬಿ ಮುಗಿಸಿದ್ದರು. ನಾಲ್ಕನೆಯದು ಪಕ್ಕದಲ್ಲಿ ಖಾಲಿ ಇತ್ತು. ಒಂದು ವಿಷಯ ಹೇಳಬೇಕು. ಅವರು ‘ಹೂಂ’ ಎನ್ನುವವರೆಗೆ ಹುಡುಗರು ಟೇಬಲ್ಲಿನಲ್ಲಿ ಸುರಿಯುವುದಿಲ್ಲ. ಅದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಅಂದು ಮ್ಯಾನೇಜರ್ ಸುರಿಯಿರಿ ಎಂದು ಆಗಲೇ ಹೇಳಿಬಿಟ್ಟಿದ್ದರು.

“ಅಣ್ಣಾ, ಇವತ್ತು ಬೇಡವಂತೆ” ಎಂದೆ.

“ಎಂತ ಬೇಡ?”

“ಅದೇ... ರುಚಿ ನೋಡೋದು.”

“ಅವರಿಗೆ ಬೇಡದಿದ್ರೆ ಬೇಡ. ನನಗೆ ಬೇಕಲ್ಲ ಮಾರಾಯ್ತಿ. ನೋಡದೆ ಕೊಟ್ರೆ ಇವತ್ತು ಊಟ ಸೇರ್ಲಿಕ್ಕಿಲ್ಲ ನನಗೆ. ಎರಡೇ ತೊಟ್ಟು.”

ಅಣ್ಣ ಡಿಕ್ಯಾಂಟರ್ ಬಾಗಿಸಿದರು. ಸುರುಳಿಯೊಳಗಿಂದ ‘ಗುಳಕ್’ ಎಂದು ಒಂದು ಸದ್ದು ಬಂತು. ನನಗೆ ಆ ಸದ್ದು ಸ್ಪಷ್ಟವಾಗಿ ನೆನಪಿದೆ. ತುಂಬಿದ ವೈನ್ ಮಾಡುವ ಸದ್ದಲ್ಲ ಅದು, ಹಿಂದೆ ಎಲ್ಲೋ ಸಿಕ್ಕಿಕೊಂಡದ್ದು ಬಿಡುಗಡೆಯಾದ ಸದ್ದು. ಕಂಬದ ಹಿಂದೆ ಕತ್ತಲೆ, ಗ್ಲಾಸಿನಲ್ಲಿ ವೈನ್ ಕಪ್ಪಗೆ ಕಂಡಿತು. ಆ ವೈನ್ ಹೇಗೂ ಕಪ್ಪೇ. ಅಣ್ಣನಿಗೆ ಆ ವಾರ ನೆಗಡಿ ಹಿಡಿದಿತ್ತು. ಎಂದಿನಂತೆ ಮೂಗಿಗೆ ಹಿಡಿದರು, ಹುಬ್ಬು ಸ್ವಲ್ಪ ಗಂಟಾಯಿತು, ಆದರೂ ಬಾಯಿಗೆ ಹಾಕಿಕೊಂಡರು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವರ ಕಣ್ಣು ದೊಡ್ಡದಾಯಿತು. ಬೋಗುಣಿಗೆ ಉಗುಳಿದರು. ಮತ್ತೆ ಉಗುಳಿದರು. ಬೋಗುಣಿಯ ಹೊಳಪಿನ ಮೇಲೆ ಆ ಬಣ್ಣ ಹರಡಿತು, ಮೊದಲೇ ಹೇಳಿದೆನಲ್ಲ, ಅದು. ನನಗೆ ಏನೂ ಅರ್ಥವಾಗಲಿಲ್ಲ. ಅವರೊಳಗಿನ ಏನೋ ಹೊರಬಂತು ಎಂದು ಒಂದು ಕ್ಷಣ ಭಯವಾಯಿತು. ಅಣ್ಣ ಮೇಜಿನ ಅಂಚು ಹಿಡಿದು ಬಾಯಿ ತೆರೆದರು. ನಾಲಿಗೆಯ ಒಂದು ಬದಿ ಬೆಳ್ಳಗಾಗುತ್ತಿತ್ತು. ಮಾತು ಬರಲಿಲ್ಲ. ಕೈ ಎತ್ತಿದರು. ನೀರು ಕೇಳುತ್ತಿದ್ದಾರೆ ಎಂದುಕೊಂಡೆ. ಅವರು ನೀರು ಕೇಳಲಿಲ್ಲ. ಕೈ ಹಾಲ್ ಕಡೆಗೆ ಚಾಚಿತ್ತು.

ಇಲ್ಲಿ ನಾನು ಒಂದು ನಿರ್ಧಾರ ಮಾಡಿದೆ. ಅದು ಸರಿಯೆಂದು ಎಲ್ಲರೂ ಹೇಳುತ್ತಾರೆ, ನನಗೂ ಸರಿಯೆಂದೇ ಅನ್ನಿಸುತ್ತದೆ. ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯನನ್ನು ಅಲ್ಲೇ ಬಿಟ್ಟು ನಾನು ಹಾಲ್‌ಗೆ ಓಡಿದೆ. ಓಡುತ್ತಲೇ ಅಡುಗೆಮನೆಯ ಬಾಗಿಲಿಗೆ ಕೂಗಿದೆ: “ನೀರು! ಅಣ್ಣನಿಗೆ ನೀರು, ಬಾಯಿ ತೊಳೆಸ್ತಾನೇ ಇರಿ!”

ಊಟದ ಹಾಲ್‌ನಲ್ಲಿ ನಾವು ಧ್ವನಿ ಎತ್ತುವುದಿಲ್ಲ. ನಡೆಯುವಾಗ ಬೂಟಿನ ಸದ್ದು ಸಹ ಕೇಳಿಸಬಾರದು. ನಾನು ಬಾಗಿಲಿನಿಂದಲೇ ಕಿರುಚಿದೆ. “ಯಾರೂ ಕುಡೀಬೇಡಿ! ಮತ್ ಪೀನಾ! ಗ್ಲಾಸ್ ಕೆಳಗಿಡಿ!” ಹನ್ನೆರಡು ಮುಖಗಳು ತಿರುಗಿದವು. ಅರ್ಧ ಜನಕ್ಕೆ ಆಗಲೇ ಸುರಿದಾಗಿತ್ತು. ತೋಟದ ಯಜಮಾನರು, ಅರವತ್ತರ ಆಸುಪಾಸಿನ ಮರಾಠಿಗರು, ಗ್ಲಾಸನ್ನು ತುಟಿಗೆ ತಂದಿದ್ದರು. ನಾನು ಹೋಗಿ ಅವರ ಕೈಯಿಂದ ಗ್ಲಾಸು ಕಿತ್ತುಕೊಂಡೆ. ವೈನ್ ಬಿಳಿ ಮೇಜುಬಟ್ಟೆಯ ಮೇಲೆ ಚೆಲ್ಲಿತು.

ಕೆಂಪಗಿತ್ತು. ಸೊಗಸಾದ, ಶುದ್ಧ ಕೆಂಪು.

ಮ್ಯಾನೇಜರ್ ನನ್ನ ಮೊಣಕೈ ಹಿಡಿದರು. “ಮೇಡಂ, ಏನಾಗಿದೆ ನಿಮಗೆ?” ಎಂದು ಹಲ್ಲು ಕಚ್ಚಿ ಕೇಳಿದರು. ಯಜಮಾನರು ಅಂಗಿಯ ತೋಳಿನ ಕಲೆಯನ್ನು ನೋಡಿಕೊಳ್ಳುತ್ತಿದ್ದರು. ನಾನು ನೋಡಿದ್ದೇ ತಪ್ಪೇನೋ ಎಂದು ಅನ್ನಿಸಿತು. ಹೋಗಿ ಕಿಟಕಿಯ ಪರದೆ ಸರಿಸಿದೆ. ಮಧ್ಯಾಹ್ನದ ಬಿಸಿಲು ಮೇಜಿನ ಮೇಲೆ ಬಿತ್ತು. ಹುಡುಗನ ಕೈಯಲ್ಲಿದ್ದ ಡಿಕ್ಯಾಂಟರನ್ನು ತೆಗೆದುಕೊಂಡು ಒಂದು ಖಾಲಿ ತಟ್ಟೆಯ ಮೇಲೆ ಪೂರ್ತಿ ಬಾಗಿಸಿದೆ. ಮೊದಲು ಕೆಂಪು ಬಂತು. ಆಮೇಲೆ ‘ಗುಳಕ್’ ಎಂಬ ಅದೇ ಸದ್ದು. ಸುರುಳಿಯಿಂದ ನೀಲಿಯೊಂದು ಎಳೆ ಇಳಿದು, ವೈನಿನೊಳಗೆ ಮೋಡದಂತೆ ಬಿಚ್ಚಿಕೊಂಡು ಹಸಿರಾಯಿತು. ನೋಡನೋಡುತ್ತಿದ್ದಂತೆ ತಟ್ಟೆಯೆಲ್ಲ ಕೆಸರಿನ ಬಣ್ಣಕ್ಕೆ ತಿರುಗಿತು. ಯಜಮಾನರು ಎದ್ದು ನಿಂತರು. ಅವರ ಬಾಯಿಂದ ಹೊರಟದ್ದು ಒಂದೇ ಪದ, “ಆಯೀ...”

ಯಾರೂ ಕುಡಿದಿರಲಿಲ್ಲ. ಯಜಮಾನರು ಮೊದಲು ಕುಡಿಯಲಿ ಎಂದು ಉಳಿದವರು ಕಾದಿದ್ದರಂತೆ.

ಹಿಂದಿರುಗಿದಾಗ ಅಣ್ಣನನ್ನು ಸ್ಟೂಲಿನ ಮೇಲೆ ಕೂರಿಸಿದ್ದರು. ಪಾತ್ರೆ ತೊಳೆಯುವ ಹೆಂಗಸು ಅವರ ತಲೆ ಹಿಡಿದು ಜಗ್ಗಿನಿಂದ ನೀರು ಹಾಕುತ್ತಿದ್ದಳು. ಅವಳು ಯಾದಗಿರಿ ಕಡೆಯವಳು. “ಉಗುಳ್ರಿ ಅಣ್ಣಾ, ಇನ್ನೊಮ್ಮಿ, ಇನ್ನೊಮ್ಮಿ ಉಗುಳ್ರಿ” ಎನ್ನುತ್ತಿದ್ದಳು. ಶೆಫ್ ನಿಂಬೆಹಣ್ಣು ಕೊಯ್ದು ತಂದಿದ್ದ. ಬೇಡ ಎಂದು ನಾನು ಅವನ ಕೈ ತಡೆದೆ. ಏನು ಬಿದ್ದಿದೆಯೋ ಗೊತ್ತಿಲ್ಲದಾಗ ಬರೀ ನೀರು ಎಂದು ಅಡುಗೆಮನೆಯ ತರಬೇತಿಯಲ್ಲಿ ಹೇಳಿದ್ದೊಂದೇ ನೆನಪಿತ್ತು.

ಆದರೆ ಆಸ್ಪತ್ರೆಯಲ್ಲಿ ಏನು ಬಿದ್ದಿದೆ ಎಂದು ಕೇಳುತ್ತಾರೆ. ನಾಲ್ಕನೆಯ, ಇನ್ನೂ ತುಂಬದ ಡಿಕ್ಯಾಂಟರನ್ನು ಎತ್ತಿ ತಲೆಕೆಳಗು ಮಾಡಿ ಎಲ್ಲ ಕಡೆ ತಿರುಗಿಸಿದೆ. ಸುರುಳಿಯಿಂದ ನೀರಿನಂಥದ್ದು ಸುರಿಯಿತು. ಬಣ್ಣವಿಲ್ಲ. ಬೆರಳಿಗೆ ತಾಕಿದ್ದು ಸೋಪಿನಂತೆ ಜಾರಿತು, ಆಮೇಲೆ ಚುರುಗುಟ್ಟಿತು. ಆಗ ನನಗೆ ನೆನಪಾದದ್ದು, ಹೇಳಿದರೆ ವಿಚಿತ್ರ ಅನ್ನಿಸಬಹುದು, ನಮ್ಮ ಮನೆಯ ಆರತಿ ತಟ್ಟೆ. ಅಮ್ಮ ನೀರಿಗೆ ಅರಿಶಿನ ಕದಡಿ, ಚಿಟಿಕೆ ಸುಣ್ಣ ಹಾಕಿ ಓಕುಳಿ ಮಾಡುತ್ತಾಳೆ, ಹಳದಿ ಕೆಂಪಾಗುತ್ತದೆ. “ಅರಿಶಿನ ಕೊಡು” ಎಂದೆ. ಶೆಫ್ ಡಬ್ಬಿಯನ್ನೇ ತಂದ. ಬಿಳಿ ನ್ಯಾಪ್ಕಿನ್‌ಗೆ ಅರಿಶಿನ ಒರೆಸಿ ಮೇಲೆ ಆ ನೀರಿನ ಒಂದು ಹನಿ ಬಿಟ್ಟೆ. ಹಳದಿ ಥಟ್ಟನೆ ಓಕುಳಿಯ ಕೆಂಪಾಯಿತು. ಸುಣ್ಣದಂಥ ಯಾವುದೋ ಕ್ಷಾರ, ವೈನನ್ನು ಹಸಿರು ಮಾಡಿದ್ದೂ ಅದೇ.

ಹೆಂಗಸಿನ ಕೈಯಿಂದ ಜಗ್ಗು ಜಾರಿತು.

“ಅದು ಕಾಸ್ಟಿಕ್ ಸೋಡಾ ರೀ ಅಕ್ಕಾರ. ಚಿಮಣಿ ಜಾಳಗಿ ತೊಳೆಯೂದು. ಕಲಿ ಹೋಗವಲ್ದು ಅಂದ್ರ ಅದ್ರಾಗ ನೆನಿಹಾಕು ಅಂತ ಸಾಹೇಬ್ರೇ ಅಂದ್ರು. ನಾ ಮೂರು ನೀರಾಗ ಅದ್ದೀನ್ರಿ, ನನ್ನ ಮಕ್ಕಳ ಆಣಿ, ಬೋರಲ ಹಾಕೀನ್ರಿ.”

ಅವಳು ಸುಳ್ಳು ಹೇಳಿರಲಿಲ್ಲ. ಬೋರಲು ಹಾಕಿದರೆ ಯಾವ ಪಾತ್ರೆಯಾದರೂ ಖಾಲಿಯಾಗಬೇಕು. ಆ ಹಾವು ಖಾಲಿಯಾಗುತ್ತಿರಲಿಲ್ಲ.

ಆಸ್ಪತ್ರೆ ಹತ್ತಿರದಲ್ಲೇ ಇತ್ತು, ಪರೇಲಿನಲ್ಲಿ ಅದೊಂದು ಪುಣ್ಯ. ಟ್ಯಾಕ್ಸಿಯಲ್ಲಿ ಅಣ್ಣ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ಅರಿಶಿನದ ನ್ಯಾಪ್ಕಿನ್, ಕಾಸ್ಟಿಕ್ ಡಬ್ಬಿ ಎರಡನ್ನೂ ನಾನು ಡಾಕ್ಟರ ಮುಂದಿಟ್ಟೆ. ಅವರು ಒಂದೇ ಪ್ರಶ್ನೆಯನ್ನು ಮೂರು ಬಗೆಯಲ್ಲಿ ಕೇಳಿದರು. “ನುಂಗಿದ್ದಾರೆಯೇ? ಸ್ವಲ್ಪವಾದರೂ? ಖಚಿತವಾಗಿ ಹೇಳಿ.”

“ಇಲ್ಲ. ಉಗುಳಿದರು. ಅವರು ಯಾವತ್ತೂ ನುಂಗುವುದಿಲ್ಲ.”

“ಯಾವತ್ತೂ?”

“ಅವರ ಕೆಲಸವೇ ಅದು.”

ಡಾಕ್ಟರ್ ನನ್ನನ್ನು ಒಂದು ಕ್ಷಣ ನೋಡಿ ಒಳಗೆ ಹೋದರು. ಕೊಳವೆ ಇಳಿಸಿ ನೋಡಿದರು. ಅನ್ನನಾಳಕ್ಕೆ ಏನೂ ಆಗಿರಲಿಲ್ಲ. ನಾಲಿಗೆಯ ಎಡಭಾಗ, ಎಡಗೆನ್ನೆಯ ಒಳಗು, ಒಸಡು ಸುಟ್ಟಿತ್ತು. ಗಾಯ ಮಾಯುತ್ತದೆ ಎಂದರು. ರುಚಿ ಬರುತ್ತದೆಯೇ ಎಂದು ನಾನು ಕೇಳಿದೆ. “ಬರಬಹುದು. ಬಾರದೆಯೂ ಇರಬಹುದು. ಬದುಕಿದ್ದಾರಲ್ಲ” ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಆ ನಾಲಿಗೆ ಏನೆಂದು ಅವರಿಗೆ ಹೇಗೆ ತಿಳಿಯಬೇಕು? ಅಣ್ಣ ಓದಿದ್ದು ಏಳನೆಯ ಇಯತ್ತೆವರೆಗೆ. ಹೋಟೆಲಿನಲ್ಲಿ ಟೇಬಲ್ ಒರೆಸುತ್ತ ಶುರು ಮಾಡಿದ ಮನುಷ್ಯನನ್ನು ವೈನ್ ಕಂಪನಿಗಳು ಕರೆಸಿ ಅಭಿಪ್ರಾಯ ಕೇಳುವಂತೆ ಮಾಡಿದ್ದು ಆ ನಾಲಿಗೆ ಒಂದೇ.

ಮರುದಿನ ಮಾಲೀಕರ ಕೋಣೆಯಲ್ಲಿ ಎಲ್ಲರನ್ನೂ ಕೂರಿಸಿದರು. ಮ್ಯಾನೇಜರ್ ಶಾಂತವಾಗಿಯೇ ಮಾತಾಡಿದರು. ಅವರು ಕೆಟ್ಟವರಲ್ಲ, ಹೆದರಿದ್ದರು. ಅವರು ಹೇಳಿದ್ದು ಇಷ್ಟು: ಪಾತ್ರೆ ತೊಳೆಯುವವರು ಸರಿಯಾಗಿ ತೊಳೆಯಲಿಲ್ಲ. ಇನ್ನು ಅಣ್ಣನ ವಿಷಯ. ಸಿಬ್ಬಂದಿ ಮುಟ್ಟಬಾರದು ಎಂಬ ನಿಯಮವಿದ್ದಾಗ ಡ್ಯೂಟಿಯ ಮೇಲೆ ಅತಿಥಿಯ ವೈನ್ ಕುಡಿದರು, ಅದಕ್ಕೆ ಹೀಗಾಯಿತು.

‘ಕುಡಿದರು’ ಎಂಬ ಮಾತು ಕೇಳಿ ನನಗೆ ಹಿಂದಿನ ದಿನದ ಬೋಗುಣಿಗಿಂತ ಹೆಚ್ಚು ಆಘಾತವಾಯಿತು ಎಂದರೆ ಅತಿಶಯವಲ್ಲ. ನಾನು ಜಗಳವಾಡಲಿಲ್ಲ. ಒಂದು ಜಗ್ಗು ನೀರು, ಆ ಡಿಕ್ಯಾಂಟರುಗಳಲ್ಲಿ ಒಂದನ್ನು ತರಿಸಿದೆ. ಎಲ್ಲರ ಮುಂದೆ ನೀರು ತುಂಬಿ, ಚೆಲ್ಲಿ, ಕುಲುಕಿ, ಬೋರಲು ಹಿಡಿದೆ. ಹನಿ ಬೀಳುವುದು ನಿಂತಿತು. “ಖಾಲಿ ತಾನೇ?” ಎಂದು ಮ್ಯಾನೇಜರನ್ನು ಕೇಳಿದೆ. “ಖಾಲಿ” ಎಂದರು. ಅದನ್ನು ನೆಟ್ಟಗೆ ಮಾಡಿ, ವೈನ್ ಸುರಿಯುವ ಹಾಗೆ ಬಾಗಿಸಿದೆ. ಗುಳಕ್. ಒಂದು ಲೋಟದಷ್ಟು ನೀರು ಮಾಲೀಕರ ಮೇಜಿನ ಮೇಲೆ ಸುರಿದು, ಅವರ ಮೊಬೈಲಿನ ಸುತ್ತ ಹರಡಿತು.

“ನಾನು ಕಂಡದ್ದನ್ನು ಹೇಳುತ್ತೇನೆ” ಎಂದೆ. “ಅವರು ಬಾಯಿಗೆ ಹಾಕಿಕೊಂಡದ್ದನ್ನು ಕಂಡೆ. ಉಗುಳಿದ್ದನ್ನು ಕಂಡೆ. ಮಾತು ಬಾರದಾಗ ಹಾಲ್ ಕಡೆಗೆ ಕೈ ತೋರಿಸಿದ್ದನ್ನು ಕಂಡೆ. ಕುಡಿದದ್ದನ್ನು ನಾನು ಕಂಡಿಲ್ಲ. ನಿಯಮ ಪಾಲಿಸಿದ್ದರೆ ಅದನ್ನು ಕುಡಿಯುತ್ತಿದ್ದವರು ಹನ್ನೆರಡು ಜನ. ಅವರಲ್ಲಿ ಯಾರೂ ಉಗುಳುತ್ತಿರಲಿಲ್ಲ.”

ಬಾಗಿಲ ಬಳಿ ನಿಂತಿದ್ದ ಹೆಂಗಸು ಬಂದು ತನ್ನ ಸೆರಗಿನಿಂದಲೇ ಮೇಜು ಒರೆಸತೊಡಗಿದಳು. “ನೀನು ಬಿಡಮ್ಮಾ” ಎಂದು ಮ್ಯಾನೇಜರ್ ತಾವೇ ಬಟ್ಟೆ ತೆಗೆದುಕೊಂಡರು. ಅಣ್ಣನ ಮೇಲಿನ ಆ ಮಾತು ಅಲ್ಲಿಗೆ ನಿಂತಿತು. ಹಾವುಗಳು ಕಪಾಟು ಸೇರಿದವು. ಈಗ ಪ್ರತಿ ಬಾಟಲಿಯನ್ನೂ ಅತಿಥಿಯ ಎದುರಿಗೇ, ಬೆಳಕಿನಲ್ಲೇ ನಾನು ರುಚಿ ನೋಡುತ್ತೇನೆ. ಯಾರಾದರೂ ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಣ್ಣನ ಬಾಯಿಗೆ ವಾರಗಟ್ಟಲೆ ಉಪ್ಪು, ಖಾರ, ಬಿಸಿ ಯಾವುದೂ ಆಗುತ್ತಿರಲಿಲ್ಲ. ಗಂಜಿ, ಹಾಲು, ಆಮೇಲೆ ಮೊಸರನ್ನ. ಫೋನಿನಲ್ಲಿ ಕೇಳಿದರೆ “ಎಲ್ಲ ಒಂದೇ ರುಚಿ ಮಾರಾಯ್ತಿ, ಕಾಗದ ತಿಂದ ಹಾಗೆ” ಎನ್ನುತ್ತಿದ್ದರು. ಆಮೇಲಾಮೇಲೆ ನಾನು ಕೇಳುವುದನ್ನೇ ಬಿಟ್ಟೆ.

ಒಂದು ಭಾನುವಾರ ಅವರೇ ಕರೆದರು. “ಆ ಶಿರಾಜ್ ಒಂದು ಬಾಟಲಿ ಉಂಟಾ? ತಾ. ನೋಡಿಬಿಡುವ.” ತೋಟದ ಯಜಮಾನರು ಆ ಊಟದ ದಿನವೇ ಒಂದು ಬಾಟಲಿಯನ್ನು ಅಣ್ಣನಿಗೆಂದೇ ಬಿಟ್ಟುಹೋಗಿದ್ದರು. ಅದನ್ನು ಚೀಲದಲ್ಲಿಟ್ಟುಕೊಂಡು ಕಾಂದಿವಲಿಗೆ ಲೋಕಲ್ ಹತ್ತಿದೆ.

ಅವರ ಹೆಂಡತಿ ಕೋಳಿಸಾರು ಮಾಡಿದ್ದರು, ಖಾರವಿಲ್ಲದೆ ತೆಂಗಿನಹಾಲು ಹೆಚ್ಚಾಗಿ ಹಾಕಿ, ಕರಿಮೆಣಸಿನಲ್ಲಿ. ಅಣ್ಣ ಇಳಿದುಹೋಗಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ಒಂದು ಗ್ಲಾಸು, ಒಂದು ಸ್ಟೀಲ್ ಲೋಟ ಇಟ್ಟುಕೊಂಡು ಕೂತಿದ್ದರು. ನಾನು ತೆರೆದು ಸುರಿದೆ. ಬೆಳಕಿನಲ್ಲಿ ನೋಡಿದೆವು. ಕೆಂಪು. ಅವರು ಕೈ ಚಾಚಿದರು. ನಾನು ಗ್ಲಾಸು ಕೊಡಲಿಲ್ಲ.

“ನಾನು ಮೊದಲು” ಎಂದೆ.

“ಇಲ್ಲಿ ಎಂತ ಹೆದರಿಕೆ? ಈಗ ತಾನೇ ತೆಗೆದದ್ದಲ್ವಾ?”

“ಇರಲಿ. ನಾನು ಮೊದಲು.”

ಬಾಯಿಗೆ ಹಾಕಿಕೊಂಡೆ, ನೋಡಿದೆ, ಲೋಟಕ್ಕೆ ಉಗುಳಿದೆ. ಚೆನ್ನಾಗಿತ್ತು. ಅವರ ಹೆಂಡತಿ ಎದ್ದರು. “ಬೇರೆ ಗ್ಲಾಸ್ ತರ್ತೇನೆ, ಇದು ಎಂಜಲಾಯ್ತಲ್ಲ.”

“ಕೂತ್ಕೊಳ್ಳೇ ನೀನು” ಎಂದು ಅಣ್ಣ ನನ್ನ ಕೈಯಿಂದ ಅದೇ ಗ್ಲಾಸು ತೆಗೆದುಕೊಂಡರು.

ಮೂಗಿಗೆ ಹಿಡಿದರು. “ನೇರಳೆ. ಮೆಣಸು. ಹೊಗೆ ಕಮ್ಮಿಯಾಗಿದೆ” ಎಂದರು. ಮೂಗಿಗೇನೂ ಆಗಿರಲಿಲ್ಲ. ಆಮೇಲೆ ಬಾಯಿಗೆ ಹಾಕಿಕೊಂಡರು. ಹರಡಿದರು, ಗಾಳಿ ಎಳೆದರು. ಎಡಗೆನ್ನೆಯ ಮೇಲೆ ಬೆರಳಿಟ್ಟರು, ಕಾದರು, ಇಲ್ಲ ಎಂದು ತಲೆಯಾಡಿಸಿದರು. ಮತ್ತೆ ಹರಡಿದರು. ಕೆಳಗೆ ರಸ್ತೆಯಲ್ಲಿ ಯಾರೋ ಹಳೇ ಪೇಪರ್ ಕೂಗಿಕೊಂಡು ಹೋದರು. ಅವರ ಹೆಂಡತಿ ಸೌಟು ಹಿಡಿದು ನಿಂತೇ ಇದ್ದರು. ಅಣ್ಣನ ಬೆರಳು ನಿಧಾನವಾಗಿ ಗಲ್ಲದ ಕೆಳಗಿಂದ ಹಾದು ಬಲಗಡೆಗೆ ಬಂತು, ದವಡೆಯ ಮೇಲೆ ಒಂದು ಕಡೆ ನಿಂತಿತು, ಅಲ್ಲೇ ಒತ್ತಿತು.

ಬಾಯಿ ತುಂಬಿದ್ದರಿಂದ ‘ಇಲ್ಲಿ’ ಎನ್ನಲಾಗಲಿಲ್ಲ. ಕಣ್ಣಲ್ಲೇ ಹೇಳಿದರು.

ನಾನು ಸ್ಟೀಲ್ ಲೋಟವನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಕೈಯಿಂದ ಮೆಲ್ಲಗೆ ಪಕ್ಕಕ್ಕೆ ಸರಿಸಿ, ಆ ಗುಟುಕನ್ನು ನುಂಗಿದರು.